ಪುಣೆ ಬಿಟ್ಟು ಬಾಲಿಗೆ: ಯೋಗ ಟೀಚರ್ ಆಗಲು ಹೊರದೇಶಕ್ಕೆ ಹೋಗಬೇಕಾ?

ನಾವಿಬ್ಬರು ವೈನಿ ಮತ್ತು ನಾದಿನಿ. ಧಾರವಾಡದ ಕಡೆಯವರು, ಈಗ ಪುಣೆಯ ಕೋಥ್ರೂಡಿನ ಒಂದೇ ಸೊಸೈಟಿಯಲ್ಲಿ ಬೇರೆ ಬೇರೆ ಮಹಡಿಯಲ್ಲಿದ್ದೇವೆ. ಇಬ್ಬರೂ ಯೋಗ ಕಲಿಸುತ್ತೇವೆ. ನಾದಿನಿ ತರಬೇತಿಗೆ ಬಾಲಿಗೆ ಹೋಗಿ ಬಂದವಳು, ವೈನಿ ಪುಣೆಯಲ್ಲೇ ಕಲಿತವರು. ಈಗ ನಮ್ಮ ಸೊಸೈಟಿಯ ಒಬ್ಬ ಕನ್ನಡದ ಹುಡುಗಿ ಕೆಲಸ ಬಿಟ್ಟು ಹೊರದೇಶಕ್ಕೆ ತರಬೇತಿಗೆ ಹೊರಡುತ್ತೇನೆ ಅಂದಿದ್ದಾಳೆ. 'ನೀವಿಬ್ಬರೂ ಏನಂತೀರಿ?' ಅಂತ ಕೇಳಿದಳು. ಎದುರೆದುರು ಕೂತರೆ ಮಾತು ಬೆಳೆಯುತ್ತದೆ ಅಂತ ಬೇರೆ ಬೇರೆ ಕೂತು ಬರೆದಿದ್ದೇವೆ.

ಪರ (ನಾದಿನಿ): ಹೋಗಲಿ, ದೂರ ಹೋದರೇ ಆಗುವ ಕೆಲಸ ಇದು

ನಾನು ಪುಣೆಯಲ್ಲಿ ಆರು ವರ್ಷ ಆಸನ ಕಲಿತೆ. ಒಳ್ಳೆಯ ಟೀಚರ್ ಸಿಕ್ಕಿದ್ದರು. ತ್ರಿಕೋನಾಸನದಲ್ಲಿ ನನ್ನ ಮಂಡಿ ಹಿಂದಕ್ಕೆ ಬಾಗುತ್ತಿತ್ತು, ಅದನ್ನು ಹಿಡಿದು ತಿದ್ದಿದವರು ಅವರೇ. ಆದರೆ ಆ ಆರು ವರ್ಷದಲ್ಲಿ ಒಂದು ದಿನವೂ ನಾನು ಕ್ಲಾಸಿನ ಮುಂದೆ ನಿಂತು ಬಾಯಿ ಬಿಡಲಿಲ್ಲ. ಅಡುಗೆ ಬರುವವರಿಗೆಲ್ಲ ಅಡುಗೆ ಹೇಳಿಕೊಡಲು ಬರುವುದಿಲ್ಲ, ಅಲ್ವಾ? ಇದೂ ಹಾಗೇ.

ಬಾಲಿಯ ಉಬುದ್‌ನಲ್ಲಿ 25 ದಿನ ಇದ್ದೆ. 200 ಗಂಟೆಯ ಕೋರ್ಸ್. ಮೂರನೇ ದಿನವೇ ನಮ್ಮನ್ನು ಜೋಡಿ ಮಾಡಿ, ಒಬ್ಬರಿಗೊಬ್ಬರು ಕಲಿಸಿ ಅಂದರು. ನನ್ನ ಪಾಲಿಗೆ ಬಂದವರು ಅರವತ್ತು ದಾಟಿದ ಜರ್ಮನ್ ಹೆಂಗಸು. 'ಸುಖಾಸನದಲ್ಲಿ ಕೂತುಕೊಳ್ಳಿ' ಅಂದೆ. ಅವರ ಮಂಡಿಗಳು ಎದೆಯ ಮಟ್ಟಕ್ಕೆ ಬಂದು ನಿಂತವು. ನೆಲದ ಮೇಲೆ ಕಾಲು ಮಡಚಿ ಕೂತ ಅಭ್ಯಾಸವೇ ಅವರಿಗಿರಲಿಲ್ಲ. ನನಗೆ ಮುಂದೇನು ಹೇಳಬೇಕು ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಯಾರಿಗಾದರೂ ಸುಖಾಸನ ಕಲಿಸಬೇಕಾಗುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಆಗ ಅಲ್ಲಿನ ಟೀಚರ್ ಬಂದು ಎರಡು ದಪ್ಪ ಕಂಬಳಿ ಮಡಚಿ ಅವರ ಕೆಳಗಿಟ್ಟರು. ಸೊಂಟ ಮೇಲೆ ಬಂತು, ಮಂಡಿ ಇಳಿಯಿತು, ಬೆನ್ನು ತಾನಾಗಿ ನೆಟ್ಟಗಾಯಿತು. ಇವತ್ತು ಹಿಂಜವಡಿಯ ಆಫೀಸುಗಳಿಂದ ನನ್ನ ಕ್ಲಾಸಿಗೆ ಇಪ್ಪತ್ತೆಂಟು ಮೂವತ್ತರ ಹುಡುಗರು ಬರುತ್ತಾರೆ. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂತು ಅವರ ಸೊಂಟವೂ ಆ ಹೆಂಗಸಿನ ಸೊಂಟದ ಹಾಗೇ ಬಿಗಿದಿರುತ್ತದೆ. ಮೊದಲ ದಿನ ನಾನು ಅವರಿಗೆ ಕಂಬಳಿ ಕೊಡುತ್ತೇನೆ.

ಇನ್ನೊಂದು, ಮೂಳೆಯ ಪಾಠ. ತೊಡೆಮೂಳೆಯ ಗುಂಡನೆಯ ತುದಿ ಸೊಂಟದ ಮೂಳೆಯ ಗುಳಿಯೊಳಗೆ ಕೂರುತ್ತದೆ. ಆ ಗುಳಿ ಎಷ್ಟು ಆಳ, ಯಾವ ಕಡೆ ಮುಖ ಮಾಡಿದೆ, ತೊಡೆಮೂಳೆಯ ಕತ್ತು ಎಷ್ಟು ಓರೆ, ಇದೆಲ್ಲ ಒಬ್ಬೊಬ್ಬರಿಗೆ ಒಂದೊಂದು ಥರ. ಮೂಳೆಗೆ ಮೂಳೆ ತಗುಲಿದ ಮೇಲೆ ಎಷ್ಟು ಎಳೆದರೂ ಪದ್ಮಾಸನ ಬರುವುದಿಲ್ಲ. ಆ ಎಳೆತವೆಲ್ಲ ಮಂಡಿಗೆ ಹೋಗುತ್ತದೆ. ಚಿಕ್ಕವರಿದ್ದಾಗ ನನ್ನ ಅಣ್ಣನಿಗೆ ಪದ್ಮಾಸನ ಬರುತ್ತಿರಲಿಲ್ಲ. ಮನೆಯವರೆಲ್ಲ ಅವನನ್ನು ಸೋಮಾರಿ ಅಂದೆವು. ಉಬುದ್‌ನಿಂದ ಫೋನ್ ಮಾಡಿ ಅವನ ಹತ್ತಿರ ಕ್ಷಮೆ ಕೇಳಿದೆ.

ಮುಟ್ಟುವ ಮೊದಲು ಕೇಳಬೇಕು ಅನ್ನುವುದನ್ನೂ ಅಲ್ಲೇ ಕಲಿತೆ. ಮ್ಯಾಟಿನ ತುದಿಯಲ್ಲಿ ಒಂದು ಬಿಲ್ಲೆ ಇಟ್ಟಿರುತ್ತಿದ್ದರು. ಅದನ್ನು ಮಗುಚಿ ಇಟ್ಟರೆ ಇವತ್ತು ನನ್ನನ್ನು ಮುಟ್ಟಬೇಡಿ ಅಂತ ಅರ್ಥ. ಕಾರಣ ಯಾರೂ ಕೇಳುವುದಿಲ್ಲ. ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತು. ಲೋಣಾವಳ ಪುಣೆಯಿಂದ ಸುಮಾರು 65 ಕಿಲೋಮೀಟರ್. ಅಲ್ಲಿ ಸ್ವಾಮಿ ಕುವಲಯಾನಂದರು 1924ರಲ್ಲಿ ಕಟ್ಟಿದ ಕೈವಲ್ಯಧಾಮ ಅನ್ನುವ ಯೋಗ ಸಂಸ್ಥೆ ಇದೆ. 'ಅಲ್ಲೇ ಯಾಕೆ ಹೋಗಲಿಲ್ಲ?' ಅಂತ ವೈನಿ ಇವತ್ತಿಗೂ ಕೇಳುತ್ತಾರೆ. ನನ್ನ ಮಗನಿಗೆ ಆಗ ಎಂಟು ವರ್ಷ. ಲೋಣಾವಳದಲ್ಲಿದ್ದಿದ್ದರೆ ಅವನಿಗೆ ಜ್ವರ ಬಂದ ದಿನ ವಾಪಸ್ ಬರುತ್ತಿದ್ದೆ. ಅತ್ತೆಯವರ ಬಿಪಿ ಏರಿದ ದಿನ ಬರುತ್ತಿದ್ದೆ. ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ 'ಒಂದೇ ದಿನ ಬಂದು ಹೋಗು, ಹತ್ತಿರವೇ ಇದೆಯಲ್ಲ' ಅನ್ನುತ್ತಿದ್ದರು. ನಾನೂ ಬಂದುಬಿಡುತ್ತಿದ್ದೆ. ಬಾಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಬೆಳಿಗ್ಗೆ 6ಕ್ಕೆ ನಾನು ಪ್ರಾಣಾಯಾಮಕ್ಕೆ ಕೂರುವಾಗ ಪುಣೆಯಲ್ಲಿ 3.30. ಫೋನ್ ಮಾಡುವವರು ಯಾರೂ ಇಲ್ಲ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಕುಕ್ಕರಿನ ಸೀಟಿ ಎಣಿಸದೆ ನಾನು ಕಣ್ಣು ಮುಚ್ಚಿ ಕೂತದ್ದು ಅದೇ ಮೊದಲು. ಅಲ್ಲಿನ ಹೆಂಗಸರು ಮುಂಜಾನೆ ಬಾಗಿಲ ಮುಂದೆ ತೆಂಗಿನ ಎಳೆಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟು ಹೋಗುತ್ತಾರೆ. ಅದನ್ನು ನೋಡಿದಾಗ ಮನೆ ನೆನಪಾಗುತ್ತಿತ್ತು. ಆದರೂ ಅಲ್ಲೇ ಉಳಿದೆ, ಕೋರ್ಸ್ ಮುಗಿಸಿದೆ.

ವಿಮಾನ, ಊಟ, ವಸತಿ, ಫೀ ಎಲ್ಲ ಸೇರಿ ನನಗೆ ಹತ್ತಿರ ಹತ್ತಿರ ಮೂರು ಲಕ್ಷ ಖರ್ಚಾಯಿತು. ನನ್ನದೇ ದುಡಿಮೆಯ ದುಡ್ಡು. ಅದು ಜಾಸ್ತಿಯೇ, ಒಪ್ಪುತ್ತೇನೆ.

ಊರು ಬಿಟ್ಟು ಹೋಗುವುದು ನಮ್ಮ ಯೋಗಕ್ಕೆ ಹೊಸದೂ ಅಲ್ಲ. ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಹತ್ತಿರ ಕಲಿತು 1937ರಲ್ಲಿ ಪುಣೆಗೆ ಬಂದಾಗ ಅವರಿಗೆ ಇನ್ನೂ ಹದಿನೆಂಟು. ಮರಾಠಿ ಬರುತ್ತಿರಲಿಲ್ಲ. ಆ ಹುಡುಗನಿಗೆ ಪುಣೆಯೇ ಹೊರದೇಶ. 1952ರಲ್ಲಿ ಮುಂಬೈಯಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರ ಭೇಟಿಯಾಯಿತು, 1954ರಲ್ಲಿ ಯೂರೋಪಿಗೆ ಹೋದರು. ಬೇರೆ ಥರದ ದೇಹ, ಬೇರೆ ಥರದ ಪ್ರಶ್ನೆ ಎದುರಿಗೆ ಬಂದಾಗಲೇ ಕಲಿಸುವವರು ಬೆಳೆಯುತ್ತಾರೆ. ನಮ್ಮ ಹುಡುಗಿಗೂ ಆ ಅವಕಾಶ ಸಿಗಲಿ.

ವಿರೋಧ (ವೈನಿ): ತಿದ್ದುವವರು ಹತ್ತಿರ ಇರಬೇಕು

ನಾದಿನಿ ಚೆನ್ನಾಗಿ ಕಲಿಸುತ್ತಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವಳ ಬೆನ್ನಿಗೆ ಪುಣೆಯ ಆರು ವರ್ಷ ಇತ್ತು. ಅದನ್ನು ಅವಳು ನಾಲ್ಕು ಸಾಲಿನಲ್ಲಿ ದಾಟಿ ಬಾಲಿಗೆ ಹೋಗಿಬಿಟ್ಟಳು. ನಮ್ಮ ಸೊಸೈಟಿಯ ಹುಡುಗಿ ಮ್ಯಾಟ್ ಕೊಂಡು ಇನ್ನೂ ಎಂಟು ತಿಂಗಳು.

ಲೆಕ್ಕ ಹಾಕಿ ನೋಡಿ. 200 ಗಂಟೆಯನ್ನು 25 ದಿನಕ್ಕೆ ಹಂಚಿದರೆ ದಿನಕ್ಕೆ 8 ಗಂಟೆ. ಆಸನ, ಪ್ರಾಣಾಯಾಮ, ಮೂಳೆ, ಪತಂಜಲಿಯ ಸೂತ್ರ, ಕಲಿಸುವ ರೀತಿ, ಎಲ್ಲ ಒಟ್ಟಿಗೆ. ಹತ್ತನೇ ದಿನಕ್ಕೆ ಮೈ ನೋಯುತ್ತದೆ, ತಲೆ ತುಂಬಿ ಹೋಗಿರುತ್ತದೆ. ಅದೇ 200 ಗಂಟೆಯನ್ನು ವಾರಕ್ಕೆ 3 ಗಂಟೆಯಂತೆ ಮಾಡಿದರೆ 67 ವಾರ, ಒಂದು ವರ್ಷ ಮೂರು ತಿಂಗಳು. ಅಷ್ಟರಲ್ಲಿ ಪುಣೆಯ ಒಂದು ಪೂರಾ ಮಳೆಗಾಲ ಬಂದು ಹೋಗುತ್ತದೆ. ತಂಪಿಗೆ ಕೀಲು ಹೇಗೆ ಬಿಗಿಯುತ್ತದೆ ಗೊತ್ತಾಗುತ್ತದೆ. ತಿಂಗಳ ಮುಟ್ಟಿನ ದಿನ ಯಾವ ಆಸನ ಬಿಡಬೇಕು, ಜ್ವರ ಬಿಟ್ಟ ಮೇಲೆ ಎಲ್ಲಿಂದ ಶುರು ಮಾಡಬೇಕು ಗೊತ್ತಾಗುತ್ತದೆ. ನನ್ನ ಅಮ್ಮ ತೀರಿಕೊಂಡಾಗ ಒಂದು ತಿಂಗಳು ನಾನು ಮ್ಯಾಟ್ ಬಿಚ್ಚಲಿಲ್ಲ. ತಿರುಗಿ ಹೋದ ದಿನ ನನ್ನ ಟೀಚರ್ ಏನೂ ಕೇಳದೆ ಬೋಲ್ಸ್ಟರ್ (ಉದ್ದನೆಯ ದಪ್ಪ ದಿಂಬು) ಕೊಟ್ಟು ಮಲಗಿಸಿದರು, ಅಷ್ಟೇ. ದುಃಖದಲ್ಲಿರುವವರಿಗೆ ಎದೆ ತೆರೆದು ಮಲಗಲು ಹೇಗೆ ಆಸರೆ ಕೊಡಬೇಕು ಅನ್ನುವುದು ಅವತ್ತು ಗೊತ್ತಾಯಿತು. 25 ದಿನದಲ್ಲಿ ಇಷ್ಟೆಲ್ಲ ನಡೆಯುವುದಿಲ್ಲ.

ಸರ್ಟಿಫಿಕೇಟಿನ ಮಾತು ಬೇಗ ಮುಗಿಸುತ್ತೇನೆ. ಹೊರದೇಶದ ಕೋರ್ಸುಗಳ ಮೇಲೆ ಸಾಮಾನ್ಯವಾಗಿ ಯೋಗ ಅಲಯನ್ಸ್ ಹೆಸರಿರುತ್ತದೆ. ಅದು ಅಮೆರಿಕದಲ್ಲಿ 1999ರಲ್ಲಿ ಶುರುವಾದ ಸಂಸ್ಥೆ. ಶಾಲೆಗಳನ್ನೂ ಅಲ್ಲಿ ಕೋರ್ಸ್ ಮುಗಿಸಿದವರನ್ನೂ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಆ ಪಟ್ಟಿ ಹೊರದೇಶದ ಸ್ಟುಡಿಯೋಗಳಲ್ಲಿ ಕೆಲಸ ಹುಡುಕುವವರಿಗೆ ಬೇಕಾಗಬಹುದು. ನಮ್ಮಲ್ಲಿ ಆಯುಷ್ ಸಚಿವಾಲಯದ ಕೆಳಗೆ ಯೋಗ ಸರ್ಟಿಫಿಕೇಶನ್ ಬೋರ್ಡ್ ಇದೆ. ಬರೆಯುವ ಪರೀಕ್ಷೆಯೂ ಇದೆ, ಮಾಡಿ ತೋರಿಸುವ ಪರೀಕ್ಷೆಯೂ ಇದೆ. ಕೋಥ್ರೂಡಿನಲ್ಲಿ ಕಲಿಸುವವಳಿಗೆ ಅದು ಸಾಕು.

ನನ್ನನ್ನು ಕಾಡುವುದು ಬೇರೆ. ನಮ್ಮ ಪರಿಚಯದ ಒಬ್ಬ ಕಾಕುಗೆ ಗ್ಲಾಕೋಮಾ ಇದೆ, ದಿನಾ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಾರೆ. ಹೊಸ ಕ್ಲಾಸೊಂದಕ್ಕೆ ಸೇರಿದರು. ಆಗಷ್ಟೇ ಹೊರಗೆ ತರಬೇತಿ ಮುಗಿಸಿ ಬಂದ ಹುಡುಗಿ ಮೊದಲ ವಾರದಲ್ಲೇ ಹೆಗಲ ಮೇಲೆ ನಿಂತು ಕಾಲು ಮೇಲೆತ್ತುವ ಸರ್ವಾಂಗಾಸನ ಮಾಡಿಸಿದಳು. ತಲೆ ಕೆಳಗಾದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಗ್ಲಾಕೋಮಾ ಇದ್ದವರು ಅದನ್ನು ಮಾಡಲೇಬಾರದು. ಅವರಿಗೆ ಕಣ್ಣು ಮಂಜಾಗಿ ಹೆದರಿ ಎದ್ದು ಬಂದರು. ಪುಣ್ಯಕ್ಕೆ ಹೆಚ್ಚೇನೂ ಆಗಲಿಲ್ಲ. ಆ ಹುಡುಗಿ ಕೆಟ್ಟವಳಲ್ಲ. ಅವಳ ಕೋರ್ಸಿನಲ್ಲಿ ಈ ಪಾಠ ಇದ್ದೂ ಇರಬಹುದು, ಇಲ್ಲೇ ಕಲಿತವರೂ ಇಂಥ ತಪ್ಪು ಮಾಡುತ್ತಾರೆ. ನಾನೂ ಮೊದಲ ವರ್ಷ ಮಾಡಿದ್ದೇನೆ. ಆದರೆ ಅವತ್ತು ಸಂಜೆಯೇ ಓಡಿಹೋಗಿ 'ಹೀಗಾಯಿತು' ಅಂತ ಹೇಳಿಕೊಳ್ಳಲು ನನಗೆ ರಿಕ್ಷಾದ ದೂರದಲ್ಲಿ ಒಬ್ಬರಿದ್ದರು. ಬೈದರು. ಮಾರನೇ ದಿನ ನನ್ನ ಕ್ಲಾಸಿಗೆ ಬಂದು ಹಿಂದೆ ನಿಂತು ನೋಡಿದರು. ತರಬೇತಿ ಮುಗಿದ ಮೇಲಿನ ಮೊದಲ ಎರಡು ವರ್ಷ ಎಲ್ಲಕ್ಕಿಂತ ಕಷ್ಟದ್ದು. ಆಗ ಆ ಹುಡುಗಿ ಯಾರ ಹತ್ತಿರ ಹೋಗಬೇಕು? ಅವಳಿಗೆ ಕಲಿಸಿದವರು ಅಷ್ಟರಲ್ಲಿ ಮುಂದಿನ ಬ್ಯಾಚಿಗೆ ಪಾಠ ಮಾಡುತ್ತಿರುತ್ತಾರೆ.

ಭಾಷೆಯದೂ ಒಂದು ಮಾತಿದೆ. ನನ್ನ ಕ್ಲಾಸಿನಲ್ಲಿ ಆರು ಜನ ಕನ್ನಡದವರು, ಉಳಿದವರು ಮರಾಠಿಯವರು. ತಾಡಾಸನದಲ್ಲಿ ನಿಲ್ಲಿಸಿ 'ಹಿಮ್ಮಡಿ ಒತ್ತಿ, ಮೀನಖಂಡ ಹಿಂದಕ್ಕೆ, ಮಂಡಿಚಿಪ್ಪು ಮೇಲಕ್ಕೆ, ಹೆಗಲು ಕೆಳಗೆ ಬಿಡಿ' ಅಂದರೆ ವಿಜಾಪುರದಿಂದ ಮಗನ ಮನೆಗೆ ಬಂದಿರುವ ಎಪ್ಪತ್ತರ ಅಜ್ಜಿಯ ಮೈ ತಕ್ಷಣ ಮಾತು ಕೇಳುತ್ತದೆ. ಇಂಗ್ಲಿಷಿನಲ್ಲಿ ಕಲಿತು ಬಂದವರಿಗೆ ಆ ಶಬ್ದ ಹುಡುಕಲು ಹೊತ್ತು ಬೇಕು. ನಾದಿನಿಗೆ ಮೊದಲ ಆರು ತಿಂಗಳು ಮೀನಖಂಡ ಅನ್ನುವ ಶಬ್ದ ಬಾಯಿಗೆ ಬರುತ್ತಿರಲಿಲ್ಲ. ಈಗ ಬರುತ್ತದೆ, ಕೇಳಿದರೆ ಸಂತೋಷವಾಗುತ್ತದೆ.

ಅವಳು ಹೇಳಿದ ಆ ಮಡಚಿದ ಕಂಬಳಿಯ ಕಥೆಗೆ ಬರುತ್ತೇನೆ. ಕಂಬಳಿ, ಮರದ ಇಟ್ಟಿಗೆ, ಬೆಲ್ಟು, ಗೋಡೆಗೆ ಕಟ್ಟಿದ ಹಗ್ಗ, ಇವನ್ನು ಆಸನಕ್ಕೆ ಹೀಗೆ ಹೊಂದಿಸಿದವರು ಇದೇ ಪುಣೆಯಲ್ಲಿದ್ದ ಅಯ್ಯಂಗಾರರು. ಹೆಂಡತಿ ರಮಾಮಣಿಯವರ ಹೆಸರಿನಲ್ಲಿ ಅವರು 1975ರಲ್ಲಿ ತೆರೆದ ಸಂಸ್ಥೆ ಮಾಡೆಲ್ ಕಾಲೊನಿಯಲ್ಲಿದೆ, ನಮ್ಮ ಮನೆಯಿಂದ ರಿಕ್ಷಾದಲ್ಲಿ ಹೋಗಬಹುದು. ತಮ್ಮ ದೇಶದಲ್ಲಿ ಎಷ್ಟೋ ವರ್ಷ ಅಭ್ಯಾಸ ಮಾಡಿ, ಆಮೇಲೆ ಇಲ್ಲಿಗೆ ಬಂದು ಕಲಿಯುವ ಹೊರದೇಶದವರನ್ನು ನಾನು ಆ ಬೀದಿಯಲ್ಲಿ ನೋಡಿದ್ದೇನೆ. ಮುಂಬೈಯ ಸಾಂತಾಕ್ರೂಜಿನಲ್ಲಿ, 1918ರಲ್ಲಿ ಬೇರೆ ಜಾಗದಲ್ಲಿ ಶುರುವಾದ ಯೋಗ ಇನ್‌ಸ್ಟಿಟ್ಯೂಟ್ ಇದೆ. ಯೋಗ ನಮ್ಮದು ಅಂತ ಹೇಳಿಕೊಳ್ಳುವುದಕ್ಕೆ ಈ ಹೆಸರು ತೆಗೆಯುತ್ತಿಲ್ಲ. ಕಲಿಸುವವರು ಹತ್ತಿರ ಇದ್ದಾಗ ನಾಳೆ ಮತ್ತೆ ಹೋಗಿ ಕೇಳಬಹುದು, ನನಗೆ ಅಷ್ಟೇ ಮುಖ್ಯ.

ಮತ್ತೆ, ಅಯ್ಯಂಗಾರರು 1954ರಲ್ಲಿ ಹೊರದೇಶಕ್ಕೆ ಹೋಗಿದ್ದು ಕಲಿಸಲು. ಅದಕ್ಕೆ ಮೊದಲು ಪುಣೆಯಲ್ಲಿ ಹದಿನೇಳು ವರ್ಷ ಕಲಿಸಿದ್ದರು. ಹತ್ತಿರದಲ್ಲಿ ಗುರು ಇರಲಿಲ್ಲ, ನಿಜ. ಅದಕ್ಕೇ ತಮ್ಮ ಮೈಯ ಮೇಲೇ ಪ್ರಯೋಗ ಮಾಡಿ, ನೋವು ತಿಂದು ಕಲಿಯಬೇಕಾಯಿತು.

ಲೋಣಾವಳದ ಮಾತಿಗೆ ಬಂದಾಗ ಮಾತ್ರ ನಾನು ಸುಮ್ಮನಾಗುತ್ತೇನೆ. ಅವಳು ಹೇಳಿದ್ದು ಸುಳ್ಳಲ್ಲ. ಹತ್ತಿರ ಇದ್ದಿದ್ದರೆ ನಾವೆಲ್ಲ ಕರೆಯುತ್ತಿದ್ದೆವು, ಸತ್ಯನಾರಾಯಣ ಪೂಜೆಗೆ ಮೊದಲು ಫೋನ್ ಮಾಡುತ್ತಿದ್ದವಳು ನಾನೇ. ಇದು ನಮ್ಮ ಮನೆಗಳ ತಪ್ಪು. ಆದರೆ ನಮ್ಮ ತಪ್ಪಿಗೆ ಅವಳು ಯಾಕೆ ಮೂರು ಲಕ್ಷ ತೆರಬೇಕು? ಮನೆಯವರು ಒಂದು ತಿಂಗಳು ಫೋನ್ ಮಾಡದೆ ಇರಲು ಕಲಿಯಬೇಕು. ಅವಳು ಬಾಲಿಯಲ್ಲಿದ್ದಾಗ ಅವಳ ಮಗ ನಮ್ಮ ಮನೆಯಲ್ಲೇ ಉಂಡು ಮಲಗುತ್ತಿದ್ದ. ಲೋಣಾವಳಕ್ಕೆ ಹೋಗಿದ್ದರೂ ಅಷ್ಟು ಮಾಡಬಹುದಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪುಣೆಯ ಕ್ಲಾಸುಗಳಲ್ಲಿ ವಿದ್ಯಾರ್ಥಿ ಬಾಯಿ ಬಿಡುವುದಿಲ್ಲ ಅನ್ನುವುದೂ ಬಹಳ ಕಡೆ ನಿಜ. ಅದಕ್ಕೆ ನಾನು ಸೊಸೈಟಿಯ ಹುಡುಗಿಗೆ ಒಂದು ಮಾತು ಹೇಳಿದ್ದೇನೆ. ಅಡ್ವಾನ್ಸ್ ಕಟ್ಟಲು ಇನ್ನೂ ಟೈಮ್ ಇದೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆರೂವರೆಗೆ ನಮ್ಮ ಸೊಸೈಟಿ ಹಾಲಿಗೆ ಬಾ. ಮೊದಲ ತಿಂಗಳು ನನ್ನ ಪಕ್ಕದಲ್ಲಿ ನಿಂತು ಬರೀ ನೋಡು. ಎರಡನೇ ತಿಂಗಳಿಂದ ಐದು ಜನರಿಗೆ ಹತ್ತು ನಿಮಿಷ ನೀನೇ ಹೇಳಿಕೊಡು. ನಾನು ಹಿಂದೆ ಕೂತಿರುತ್ತೇನೆ. ನಾದಿನಿಯನ್ನೂ ಕೇಳಿದ್ದೇನೆ, ಶುಕ್ರವಾರ ಬರುತ್ತೇನೆ ಅಂದಿದ್ದಾಳೆ.