ಇವತ್ತು ಗಾಳಿ ಜಾಸ್ತಿ

ನಮ್ಮೂರಿನ ವಾಲಿಬಾಲ್ ಕೋರ್ಟಿನಲ್ಲಿ ಪಾಯಿಂಟ್ ಹೋದರೆ ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಅದು ಹೇಗೆ ಹೋಯಿತು, ಅದಕ್ಕೆ ಏನು ಹೆಸರು ಬಿತ್ತು ಅನ್ನುವುದೇ ಮುಖ್ಯ. ಮಾರನೇ ದಿನ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ನಿಂತವರು ಸ್ಕೋರ್ ಎಷ್ಟು ಅಂತ ಕೇಳುವುದೇ ಇಲ್ಲ. "ನಿನ್ನೆ ಮೇಷ್ಟ್ರು ಜ್ವರಕ್ಕೆ ಕೂತ್ರಂತೆ?" ಅಂತ ಕೇಳುತ್ತಾರೆ. ಕೇಳುವವರಲ್ಲಿ ಕೋರ್ಟಿನ ಕಡೆ ತಲೆ ಹಾಕದ ಅಜ್ಜಿಯರೂ ಇರುತ್ತಾರೆ.

ಜ್ವರ ಅಂದರೆ ಮೈ ಸುಡುವ ಜ್ವರ ಅಲ್ಲ. ನಮ್ಮದು ಶಿಡ್ಲಘಟ್ಟದ ಕಡೆ. ಎಲ್ಲಿ ನೋಡಿದರೂ ಹಿಪ್ಪುನೇರಳೆ ತೋಟ, ರೇಷ್ಮೆ ಮನೆ. ಹುಳು ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಸೊಪ್ಪು ತಿನ್ನುವುದು ನಿಲ್ಲಿಸಿ, ತಲೆ ಮೇಲೆತ್ತಿಕೊಂಡು, ಕದಲದೆ ಇದ್ದುಬಿಡುತ್ತದೆ. ಹುಳು ಜ್ವರಕ್ಕೆ ಕೂತಿದೆ ಅನ್ನುವುದು ಅದಕ್ಕೇ. ಆಗ ಅದನ್ನು ಯಾರೂ ಮುಟ್ಟಬಾರದು.

ಈಗ ನಮ್ಮ ಮೇಷ್ಟ್ರನ್ನು ನೆನೆಸಿಕೊಳ್ಳಿ. ಹಿಂದಿನ ಕಾರ್ನರ್‌ನಲ್ಲಿ ನಿಂತಿದ್ದಾರೆ. ಆ ಕಡೆಯಿಂದ ಸರ್ವಿಸ್ ಬರುತ್ತಿದೆ. ಮೇಷ್ಟ್ರು ತಲೆ ಎತ್ತಿ ಬಾಲನ್ನೇ ನೋಡುತ್ತಿದ್ದಾರೆ. ಬಾಲು ಬಂದು ಅವರ ಪಕ್ಕದಲ್ಲೇ ಬಿದ್ದು ಧೂಳೆಬ್ಬಿಸಿ ಹೋಗುತ್ತದೆ. ಮೇಷ್ಟ್ರ ತಲೆ ಇನ್ನೂ ಇಳಿದಿಲ್ಲ. ಅಷ್ಟೇ, ಲೈನಾಚೆ ಕೂತವರು ಕೂಗುತ್ತಾರೆ: "ಜ್ವರಕ್ಕೆ ಕೂತ್ರು!" ಇದರಲ್ಲಿ ಲೆಕ್ಕವೂ ಇದೆ. ಅದೇ ಮ್ಯಾಚಿನಲ್ಲಿ ಇನ್ನೊಂದು ಸಲ ಆದರೆ ಎರಡನೇ ಜ್ವರ, ಮತ್ತೆ ಆದರೆ ಮೂರನೇ ಜ್ವರ. ನಾಲ್ಕು ಜ್ವರ ಎದ್ದ ಹುಳು ಚೆನ್ನಾಗಿ ಸೊಪ್ಪು ತಿಂದು ಹಣ್ಣಾಗುತ್ತದೆ, ಅದನ್ನು ಆಯ್ದು ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಹಾಕುತ್ತಾರೆ. ಹಾಗಾಗಿ "ಮೇಷ್ಟ್ರು ಹಣ್ಣಾದ್ರು, ಚಂದ್ರಿಕೆಗೆ ಹಾಕ್ರಪ್ಪಾ" ಅಂತ ಯಾರಾದರೂ ಅಂದರೆ, ಅವರನ್ನು ಹೊರಗೆ ಕೂರಿಸಿ ಬೇರೆಯವರನ್ನು ಇಳಿಸಿ ಅಂತ ಅರ್ಥ. ಮೇಷ್ಟ್ರೂ ಮುಖ ಗಂಟಿಕ್ಕದೆ ಹೋಗಿ ಕಲ್ಲಿನ ಮೇಲೆ ಕೂರುತ್ತಾರೆ. ಶಾಲೆಯಲ್ಲಿ ಅವರು ಮಕ್ಕಳಿಗೆ ಇಡುವ ಹೆಸರುಗಳ ಮುಂದೆ ಇದು ಏನೂ ಅಲ್ಲ ಅನ್ನುವುದು ಅವರಿಗೂ ಗೊತ್ತು.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ನಮ್ಮಕ್ಕನ ಮಗ ಕಾಲೇಜ್ ಟೀಮಿನಲ್ಲಿ ಆಡುತ್ತಾನೆ. ರಜಕ್ಕೆ ಬಂದಾಗ ಅವನು ಇಂಗ್ಲಿಷ್ ಹೆಸರುಗಳನ್ನು ತಂದಿದ್ದ. ಪಾಸ್ ಮಾಡಲು ಹೋಗಿ ಬಾಲು ಕೈಗೆ ತಗುಲಿ ಎಲ್ಲೋ ಹಾರಿಹೋದರೆ ಶ್ಯಾಂಕ್ ಅಂತೆ. ಸುಲಭದ ಸರ್ವಿಸ್ ಕೊಟ್ಟರೆ ಲಾಲಿಪಾಪ್. ಮೂರ್ನಾಲ್ಕು ಜನ ಸುತ್ತ ನಿಂತು ನೋಡುತ್ತಿರುವಾಗ ಬಾಲು ನಡುವೆ ಬಿದ್ದರೆ ಕ್ಯಾಂಪ್‌ಫೈರ್. ಇಬ್ಬರ ಮಧ್ಯೆ ಬಿದ್ದರೆ ಹಸ್ಬೆಂಡ್ ಅಂಡ್ ವೈಫ್. ಗಂಡ ಹೆಂಡತಿ ಯಾಕೆ ಅಂತ ನಮ್ಮ ಜೊತೆ ಆಡುವ ಕರೆಂಟಿನ ಲೈನ್‌ಮ್ಯಾನ್ ಕೇಳಿದ. ಇವರು ಮಾಡುತ್ತಾರೆ ಅಂತ ಅವರು, ಅವರು ಮಾಡುತ್ತಾರೆ ಅಂತ ಇವರು ಸುಮ್ಮನಿರುತ್ತಾರಲ್ಲ, ಅದಕ್ಕೆ ಅಂದ ಹುಡುಗ. ಲೈನ್‌ಮ್ಯಾನ್ ಒಪ್ಪಲಿಲ್ಲ. "ನಮ್ಮನೇಲಿ ಹಂಗಿಲ್ಲ. ಎಲ್ಲಾ ನಾನೇ ಮಾಡ್ಬೇಕು" ಅಂದ.

ನಮ್ಮಲ್ಲಿ ಅದಕ್ಕೆ ಬೀಗರ ಬಾಲ್ ಅನ್ನುತ್ತಾರೆ. ಮದುವೆ ಊಟದಲ್ಲಿ ಬೀಗರು ಎಲೆ ಮುಂದೆ ನಿಂತು "ನೀವು ಮೊದ್ಲು ಕೂತ್ಕೊಳ್ಳಿ, ಇಲ್ಲ ನೀವು ಕೂತ್ಕೊಳ್ಳಿ" ಅಂತ ಎಳೆದಾಡುವಷ್ಟರಲ್ಲಿ ಬೇರೆ ಯಾರೋ ಬಂದು ಕೂತಿರುತ್ತಾರಲ್ಲ, ಅದು. ಆದರೆ ನಮ್ಮ ಕೋರ್ಟಿನಲ್ಲಿ ಬೀಗರ ಬಾಲ್ ಬೀಳುವುದಕ್ಕೆ ಮರ್ಯಾದೆ ಒಂದೇ ಕಾರಣ ಅಲ್ಲ. ಭಾಷೆಯೂ ಕಾರಣ. ಈ ಭಾಗದಲ್ಲಿ ಅರ್ಧ ಮನೆಗಳಲ್ಲಿ ತೆಲುಗು, ಅರ್ಧ ಮನೆಗಳಲ್ಲಿ ಕನ್ನಡ. ಬಯಲಿನಲ್ಲಿ ಎರಡೂ ಸೇರಿ ಓಡುತ್ತವೆ. ಬಾಲು ಮೇಲಿರುವಾಗ ಒಬ್ಬ "ನಂದು" ಅಂತಾನೆ. ಪಕ್ಕದವನಿಗೆ "ನಿಂದು" ಅಂತ ಕೇಳಿಸುತ್ತದೆ. ಇಲ್ಲ, ಅವನು "ನಾದಿ" ಅಂತಾನೆ, ಇವನಿಗೆ "ನೀದಿ" ಅಂತ ಕೇಳುತ್ತದೆ. ಎರಡು ಭಾಷೆಗಳೂ ಮಾತಾಡಿಕೊಂಡು ಒಂದೇ ಅಕ್ಷರದಲ್ಲಿ ಈ ಎಡವಟ್ಟು ಇಟ್ಟಿವೆ. "ನಂದು" ಅಂತ ಇಬ್ಬರಿಗೂ ಸರಿಯಾಗಿ ಕೇಳಿಸಿದರೆ ಇನ್ನೂ ಕಷ್ಟ. ಇಬ್ಬರೂ ನುಗ್ಗುತ್ತಾರೆ.

ನುಗ್ಗಿ ಡಿಕ್ಕಿ ಹೊಡೆದರೆ ಡಬಲ್ ಗೂಡು. ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿದರೆ ಅದು ದಪ್ಪಗೆ ಕಾಣುತ್ತದೆ, ಆದರೆ ಎಳೆಗೆ ಎಳೆ ಸಿಕ್ಕಿಕೊಂಡು ನೂಲು ಸಲೀಸಾಗಿ ಬಿಚ್ಚುವುದಿಲ್ಲ. ಮಾರ್ಕೆಟ್ಟಿನಲ್ಲಿ ಅದಕ್ಕೆ ಒಳ್ಳೆ ರೇಟೂ ಇಲ್ಲ. ಒಮ್ಮೆ ಡೇರಿ ಸೆಕ್ರೆಟರಿ ಮತ್ತು ಶಾಟ್ ಹೊಡೆಯುವವರಿಗೆ ಬಾಲು ಎತ್ತಿಕೊಡುವ ಲಿಫ್ಟರ್ ಹುಡುಗ ಹೀಗೇ ಡಬಲ್ ಗೂಡಾದರು. ಸೆಕ್ರೆಟರಿಯ ಕನ್ನಡಕದ ಒಂದು ಕಾಲು ಲಿಫ್ಟರ್‌ನ ಬನಿಯನ್ನಿಗೆ ಸಿಕ್ಕಿಕೊಂಡಿತ್ತು. ಬಿಡಿಸುವಷ್ಟರಲ್ಲಿ ಕತ್ತಲಾಯಿತು. ಬಾಲು ಎಲ್ಲಿ ಬಿತ್ತು ಅಂತ ಯಾರೂ ನೋಡಿರಲಿಲ್ಲ, ಹಾಗಾಗಿ ಎರಡು ಟೀಮೂ ಪಾಯಿಂಟ್ ತಮ್ಮದೇ ಅಂತ ಬರೆದುಕೊಂಡವು.

ಇನ್ನು ಬಾಲು ಮುಖಕ್ಕೆ ಬಡಿದರೆ ಇಂಗ್ಲಿಷಿನಲ್ಲಿ ಸಿಕ್ಸ್ ಪ್ಯಾಕ್ ಅಂತೆ. ನಮ್ಮಲ್ಲಿ ಆಧಾರ್ ಫೋಟೋ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ನಿಮ್ಮ ಜೇಬಿನಲ್ಲೂ ಒಂದಿರುತ್ತದೆ. ಸರ್ವಿಸ್ ಬಲೆಗೆ ಹೋದರೆ ಮೀನು. ಕೈಯಲ್ಲಿ ಬಾಲನ್ನು ಒಂದು ಗಳಿಗೆ ಹಿಡಿದು ಎತ್ತಿದರೆ ರೂಲ್ ಬುಕ್ಕಿನವರು ಕ್ಯಾಚ್ ಅನ್ನಲಿ, ನಾವು ತೊಟ್ಟಿಲು ಅನ್ನುತ್ತೇವೆ. ಶಾಟ್ ಹೊಡೆಯಲು ಹಾರಿ ಗಾಳಿಗೆ ಕೈ ಬೀಸಿ ಇಳಿದರೆ ಸೊಳ್ಳೆ ಬ್ಯಾಟ್. ನಮ್ಮ ಟೀಮಿನವನ ಸರ್ವಿಸೇ ಮುಂದೆ ನಿಂತವನ ತಲೆ ಹಿಂದಕ್ಕೆ ಬಡಿದರೆ ಅಕ್ಷತೆ. ಇವೆಲ್ಲ ಸಣ್ಣಪುಟ್ಟವು, ಕೂಗಿ ಮರೆಯುತ್ತೇವೆ.

ದುಬಾರಿ ಬೀಳುವುದು ಶ್ಯಾಂಕ್. ನಮ್ಮ ಹಳೇ ಕೋರ್ಟು ಕೆರೆ ಅಂಗಳದಲ್ಲಿತ್ತು. ಎಷ್ಟೋ ವರ್ಷ ಒಣಗಿದ್ದ ಕೆರೆ, ಎಲ್ಲಿಗೆ ಹೊಡೆದರೂ ಬಾಲು ಜಾಲಿ ಗಿಡದ ತನಕ ಹೋಗಿ ವಾಪಸ್ ಸಿಗುತ್ತಿತ್ತು. ಆಮೇಲೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಟ್ಟರು. ಕೆರೆ ತುಂಬಿತು ಅಂತ ಊರೆಲ್ಲ ಪೂಜೆ ಮಾಡಿತು. ನಾವೂ ಕೈ ಮುಗಿದೆವು, ಆದರೆ ಕಂಬ ಕಿತ್ತುಕೊಂಡು ಬರುವಾಗ ಮೊಣಕಾಲು ಮಟ್ಟ ನೀರಿತ್ತು. ಈಗಿನ ಕೋರ್ಟಿನ ಪಕ್ಕಕ್ಕೇ ಒಬ್ಬ ಅಜ್ಜಿಯ ಹಿಪ್ಪುನೇರಳೆ ತೋಟ. ಬಾಲು ಆ ಕಡೆ ಹಾರಿದರೆ "ಸೊಪ್ಪಿಗೆ ಹೋಯ್ತು" ಅನ್ನುತ್ತೇವೆ.

ಅಜ್ಜಿಯ ಕಾನೂನು ಸರಳ. ಬಾಲು ಬಂದರೆ ಬಾಲು ಅಜ್ಜಿಯದು. ಯಾರ ಕೈಯಿಂದ ಬಂತೋ ಅವನೇ ಬರಬೇಕು, ಒಂದು ಹೊರೆ ಸೊಪ್ಪು ಕೊಯ್ದು ಹುಳದ ಮನೆ ಬಾಗಿಲಿಗೆ ಹಾಕಬೇಕು, ಆಮೇಲೆ ಬಾಲು. ಲೈನ್‌ಮ್ಯಾನ್ ಒಂದು ಸಲ ಡ್ಯೂಟಿ ಮುಗಿಸಿ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಆಡಲು ಬಂದು, ಮೊದಲ ಬಾಲನ್ನೇ ಸೊಪ್ಪಿಗೆ ಕಳಿಸಿದ. ಅವನು ತಲೆ ಮೇಲೆ ಹೊರೆ ಹೊತ್ತುಕೊಂಡು ಹೋಗುವುದನ್ನು ಎರಡು ಟೀಮಿನವರೂ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಿದ್ದೆವು. ಅಷ್ಟರಲ್ಲಿ ಅವನ ಫೋನ್ ಬಂತು, ಎಲ್ಲೋ ಫ್ಯೂಸ್ ಹೋಗಿದೆ ಅಂತ. "ಸೊಪ್ಪು ಹಾಕಿ ಬರ್ತೀನಿ ಸಾರ್" ಅಂದುಬಿಟ್ಟ. ಆ ಕಡೆಯವರಿಗೆ ಏನು ಅರ್ಥವಾಯಿತೋ.

ಈ ಆಟವನ್ನು 1895ರಲ್ಲಿ ಅಮೆರಿಕದ ಹೋಲಿಯೋಕ್‌ನಲ್ಲಿ ಕಟ್ಟಿದವರು ವಿಲಿಯಂ ಮಾರ್ಗನ್. ಅಲ್ಲಿನ ವೈಎಂಸಿಎಗೆ ಬರುವ ನಡುವಯಸ್ಸಿನ ವ್ಯಾಪಾರಸ್ಥರಿಗೆ ಬಾಸ್ಕೆಟ್‌ಬಾಲ್ ಸುಸ್ತಾಗುತ್ತದೆ ಅಂತ ಹಗುರವಾದ ಆಟ ಹುಡುಕಿದರು. ಮೊದಲು ಇಟ್ಟ ಹೆಸರು ಮಿಂಟನೆಟ್. ಹೊಟ್ಟೆ ಬಂದ ವ್ಯಾಪಾರಸ್ಥರಿಗೆ ಅಂತಲೇ ಮಾಡಿದ ಆಟ ಅಂತ ಕೇಳಿದಾಗ ಟೀಮಿನಲ್ಲಿ ಎಲ್ಲರೂ ಒಂದೇ ಕಡೆ ನೋಡಿದೆವು. ರೀಲರ್ ಅಣ್ಣನ ಕಡೆ.

ರೀಲರ್ ಅಣ್ಣನ ಬಗ್ಗೆ ಹೇಳಲೇಬೇಕು. ನೂಲು ತೆಗೆಯುವ ಯೂನಿಟ್ ಇಟ್ಟುಕೊಂಡಿದ್ದಾರೆ. ಬಾಲು ಅವರದು, ನೆಟ್ಟು ಅವರದು, ಸಂಜೆ ಹಾಕುವ ಎಲ್‌ಇಡಿ ಲೈಟಿನ ಕರೆಂಟೂ ಅವರ ಮೀಟರಿನದು. ಗಂಡಸರ ಆಟಕ್ಕೆ ನೆಟ್ಟು 2.43 ಮೀಟರ್ ಎತ್ತರ ಇರಬೇಕು. ನಮ್ಮಲ್ಲಿ ರೀಲರ್ ಅಣ್ಣ ಕೈ ಎತ್ತಿ ನಿಂತು ಬೆರಳಿಗೆ ಎಟುಕಿದರೆ ಸರಿಯಾಗಿದೆ ಅಂತ. ಮುಂದಿನ ಸಾಲಿನ ಎಡಗಡೆ ಅವರ ಜಾಗ. ಬಸ್ ಸೀಟಿಗೆ ಟವಲ್ ಹಾಕಿದ ಹಾಗೆ ಹಾಕಿಟ್ಟಿದ್ದಾರೆ. ನಮ್ಮಲ್ಲಿ ಯಾರೂ ಜಾಗ ಬದಲಿಸುವುದಿಲ್ಲ, ಹಾಗಾಗಿ ಅವರು ಸರ್ವಿಸ್ ಹೊಡೆಯುವ ಸಂದರ್ಭವೇ ಬರುವುದಿಲ್ಲ. ಶಾಟ್ ಹೊಡೆಯುವುದಷ್ಟೇ ಅವರ ಕೆಲಸ.

ಇಷ್ಟೊಂದು ಹೆಸರುಗಳಿದ್ದರೂ ಅವರ ತಪ್ಪಿಗೆ ಮಾತ್ರ ಒಂದೂ ಇರಲಿಲ್ಲ. ಮೇಷ್ಟ್ರು ಸೊಳ್ಳೆ ಬ್ಯಾಟ್ ಬೀಸಿದರೆ ಊರಿಗೇ ಕೇಳುವಂತೆ ಕೂಗುವವರು, ರೀಲರ್ ಅಣ್ಣ ಬೀಸಿದರೆ ಲಿಫ್ಟರ್ ಕಡೆ ತಿರುಗಿ "ಏನೋ ಅಷ್ಟು ದೂರ ಎತ್ತಿದೆ?" ಅನ್ನುತ್ತಿದ್ದರು. ಲಿಫ್ಟ್ ನೆಟ್ಟಗಿದ್ದು ಶಾಟ್ ಔಟ್ ಹೋದರೆ, ಆಗಲೂ ಮಾತು ಸಿದ್ಧ. "ಇವತ್ತು ಗಾಳಿ ಜಾಸ್ತಿ ಅಣ್ಣಾ." ಅಣ್ಣ ಆಕಾಶದ ಕಡೆ ನೋಡಿ ತಲೆ ಆಡಿಸುತ್ತಿದ್ದರು. ಬಾಲಿನ ತೂಕ 260ರಿಂದ 280 ಗ್ರಾಂ. ಗಾಳಿ ಬಂದರೆ ಅಲ್ಲಾಡುವುದು ನಿಜವೇ. ಆದರೆ ಗಾಳಿ ನಮ್ಮ ಟೀಮಿನಲ್ಲಿ ಒಬ್ಬರನ್ನೇ ಹುಡುಕಿಕೊಂಡು ಬರುತ್ತಿತ್ತು. ನನಗೆ ಇದು ಸರಿ ಕಾಣುತ್ತಿರಲಿಲ್ಲ. ಆದರೆ ಆ ಬಾಲಿನ ಬೆಲೆ ನನಗೂ ಗೊತ್ತಿದ್ದರಿಂದ ಬಾಯಿ ಬಿಡುತ್ತಿರಲಿಲ್ಲ.

ಹೀಗಿರುವಾಗ ಚಿಂತಾಮಣಿ ಕಡೆ ಒಂದು ಊರಿನಲ್ಲಿ ಹೊನಲು ಬೆಳಕಿನ ಪಂದ್ಯಾವಳಿ. ಎಂಟ್ರಿ ಫೀಸೂ ಅಣ್ಣನೇ ಕಟ್ಟಿದರು, ಟೆಂಪೋಗೂ ಅವರೇ ಕೊಟ್ಟರು. ಅಲ್ಲಿ ರೆಫರಿ ಒಬ್ಬ ಪಿ.ಟಿ. ಮೇಷ್ಟ್ರು. ಎದುರಾಳಿಯ ಕೈಯಿಂದ ಸರ್ವಿಸ್ ಮೊದಲ ಸಲ ನಮಗೆ ಸಿಕ್ಕ ತಕ್ಷಣ ಶುರುವಾಯಿತು ತೊಂದರೆ. ಹೀಗೆ ಸರ್ವಿಸ್ ಹೊಡೆಯುವ ಸರದಿ ಎದುರಾಳಿಯಿಂದ ನಮಗೆ ಬಂದಾಗಲೆಲ್ಲ ಎಲ್ಲರೂ ಗಡಿಯಾರದ ಮುಳ್ಳಿನ ದಿಕ್ಕಿಗೆ ಒಂದೊಂದು ಜಾಗ ಸರಿಯಬೇಕು. ನಾವು ಸರಿಯಲಿಲ್ಲ. ಸೀಟಿ, ಪಾಯಿಂಟ್ ಅವರಿಗೆ. ಮತ್ತೆ ಸಿಕ್ಕಿತು, ಈ ಸಲ ಸರಿದೆವು, ಆದರೆ ಅರ್ಧ ಜನ ಒಂದು ಕಡೆಗೆ, ಅರ್ಧ ಜನ ಇನ್ನೊಂದು ಕಡೆಗೆ. ಮತ್ತೆ ಸೀಟಿ. ಕೊನೆಗೆ ರೆಫರಿಯೇ ಕುರ್ಚಿ ಮೇಲಿಂದ ಬೆರಳು ತೋರಿಸಿ ಒಬ್ಬೊಬ್ಬರನ್ನೇ ಸರಿಸುತ್ತಾ ಹೋದರು. ಹಾಗೆ ಸರಿಯುತ್ತಾ ಸರಿಯುತ್ತಾ ಒಂದು ಹೊತ್ತಿನಲ್ಲಿ ಬಾಲು ರೀಲರ್ ಅಣ್ಣನ ಕೈಗೇ ಬಂತು.

ಸೀಟಿ ಆದ ಮೇಲೆ ಎಂಟು ಸೆಕೆಂಡಿನೊಳಗೆ ಸರ್ವಿಸ್ ಹೊಡೆಯಬೇಕು. ಅಣ್ಣ ಬಾಲನ್ನು ಎರಡು ಸಲ ನೆಲಕ್ಕೆ ಬಡಿದರು. ಪಂಚೆ ಎತ್ತಿ ಕಟ್ಟುವ ಅಭ್ಯಾಸಕ್ಕೆ ಟ್ರ್ಯಾಕ್ ಪ್ಯಾಂಟಿನ ದಾರ ಬಿಗಿ ಮಾಡಿದರು. ಮೈಕಿನಲ್ಲಿ ಕಾಮೆಂಟರಿ ಹೇಳುವವನು "ಅನುಭವಿ ಆಟಗಾರರು, ನೋಡಿಕೊಂಡು ಹೊಡೀತಾರೆ" ಅಂದ. ಅಣ್ಣ ಹೊಡೆದರು. ಬಾಲು ನೆಟ್ಟಗೆ ಹೋಗಿ ಲಿಫ್ಟರ್ ಹುಡುಗನ ತಲೆ ಹಿಂದಕ್ಕೆ ಬಡಿಯಿತು.

ಅಚ್ಚುಕಟ್ಟಾದ ಅಕ್ಷತೆ. ಮೇಷ್ಟ್ರು ತುಟಿ ಕಚ್ಚಿಕೊಂಡು ನೆಲ ನೋಡಿದರು. ಲೈನ್‌ಮ್ಯಾನ್ ಶೂ ದಾರ ಕಟ್ಟಲು ಬಗ್ಗಿದ, ಅವನು ಹಾಕಿದ್ದು ಚಪ್ಪಲಿಯಂಥ ಶೂ, ದಾರವೇ ಇರಲಿಲ್ಲ. ಕೊನೆಗೆ ತಲೆ ಉಜ್ಜಿಕೊಳ್ಳುತ್ತಾ ಲಿಫ್ಟರ್ ಹುಡುಗನೇ ಅಂದ: "ಗಾಳಿ ಅಣ್ಣಾ, ಗಾಳಿ."

ಅದು ರೆಫರಿಗೆ ಕೇಳಿಸಿತು. ಕುರ್ಚಿ ಮೇಲಿಂದ ಮರಗಳ ಕಡೆ ನೋಡಿದರು. ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಮೈಕಿನವನೂ ಬಿಡಲಿಲ್ಲ. "ಗಾಳಿ ಅಂತಿದಾರೆ. ಗಾಳಿ ಎಲ್ಲಿದೆ ಸ್ವಾಮೀ? ಬೆವರು ಒರೆಸಿ ಒರೆಸಿ ನನ್ನ ಟವಲ್ ಒದ್ದೆ ಆಗೋಯ್ತು!" ಇಡೀ ಮೈದಾನ ನಕ್ಕಿತು. ನಮ್ಮವರೂ ನಕ್ಕರು, ಕತ್ತಲಲ್ಲಿ ಯಾರು ನಕ್ಕಿದ್ದು ಅಂತ ಗೊತ್ತಾಗುವುದಿಲ್ಲ ಅನ್ನುವ ಧೈರ್ಯದಿಂದ. ಆಮೇಲೆ ನೆನಪಾಯಿತು, ಅದು ಹೊನಲು ಬೆಳಕಿನ ಪಂದ್ಯಾವಳಿ.

ಸೋತು ಬಂದೆವು. ಅದು ಮೊದಲೇ ಗೊತ್ತಿತ್ತು ಬಿಡಿ. ಮಾರನೇ ದಿನ ಡೇರಿ ಹತ್ತಿರ ಎಲ್ಲರ ಬಾಯಲ್ಲೂ ಒಂದೇ ಮಾತು, "ನಿನ್ನೆ ಗಾಳಿ ಜಾಸ್ತಿಯಂತೆ?" ಈಗ ನಮ್ಮ ಕೋರ್ಟಿನಲ್ಲಿ ಯಾರು ಅತಿ ಸುಲಭದ ಬಾಲನ್ನು ಕೆಡಿಸಿಕೊಂಡರೂ ಅದಕ್ಕೆ ಗಾಳಿ ಅಂತಲೇ ಹೆಸರು. ಮೇಷ್ಟ್ರಿಗೆ ಗಾಳಿ ಬೀಸಿತು, ಸೆಕ್ರೆಟರಿಗೆ ಗಾಳಿ ಬೀಸಿತು. ಅಣ್ಣ ಶಾಟ್ ಕೆಡಿಸಿದಾಗಲೂ ಮೊದಲಿನ ಹಾಗೇ ವಿನಯದಿಂದ "ಗಾಳಿ ಅಣ್ಣಾ" ಅನ್ನುತ್ತೇವೆ.

ಅಣ್ಣನಿಗೆ ಇದು ಗೊತ್ತಾಯಿತೋ ಇಲ್ಲವೋ ಹೇಳುವುದು ಕಷ್ಟ. ಎಲ್ಲರಿಗೂ ಗಾಳಿಯ ಕಾಟ ಜಾಸ್ತಿಯಾಗಿದೆ ಅಂತ ಅವರು ನಿಜವಾಗಿಯೂ ತಲೆ ಕೆಡಿಸಿಕೊಂಡರು. ಹೋದ ವಾರ ದುಡ್ಡು ಹಾಕಿ ಹಸಿರು ಶೇಡ್ ನೆಟ್ಟಿನ ದೊಡ್ಡ ಸುರುಳಿಯನ್ನೇ ತಂದು ಇಳಿಸಿದ್ದಾರೆ, ಕೋರ್ಟಿನ ಪಡುವಲ ಕಡೆ ಎತ್ತರಕ್ಕೆ ಕಟ್ಟಬೇಕಂತೆ. ಭಾನುವಾರ ಕಂಬಕ್ಕೆ ಗುಂಡಿ ತೋಡುವ ಕೆಲಸ ನಮಗೆ ಬಿದ್ದಿದೆ. ಅಳತೆ ಹಾಕುತ್ತಿದ್ದಾಗ ಮೂಡಲ ಕಡೆಯ ತೋಟದಿಂದ ಅಜ್ಜಿ ಕುಡುಗೋಲು ಹಿಡಿದುಕೊಂಡು ಬಂದರು. ಆ ಕಡೆ ಯಾಕೆ ಕಟ್ತಿದ್ದೀರಿ ಅಂತ ಕೇಳಿದರು. ಗಾಳಿ ಆ ಕಡೆಯಿಂದ ಬರುತ್ತೆ ಅಜ್ಜಿ ಅಂದರು ಅಣ್ಣ.

"ಗಾಳಿ ಎಲ್ಲಿಂದಾದ್ರೂ ಬರ್ಲಪ್ಪ, ಬಾಲು ಬರೋದು ನನ್ನ ತೋಟಕ್ಕೆ. ಈ ಕಡೆ ಕಟ್ಟು" ಅಂದರು ಅಜ್ಜಿ.