ಕೌದಿಯೂ ಅರ್ಧ ಬ್ಲೇಡೂ

ಹೊಲಿಯಲು ಕಲಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಬಿಚ್ಚಲು ಕಲಿಸುವವರನ್ನು ನಾನು ಕಂಡಿಲ್ಲ. ಟೇಲರಿಂಗ್ ಕ್ಲಾಸಿನಲ್ಲಿ ಲಂಗಕ್ಕೊಂದು ಪಾಠ, ರವಿಕೆಗೊಂದು ಪಾಠ, ಚೂಡಿದಾರಕ್ಕೆ ಇನ್ನೂ ಜಾಸ್ತಿ. ಬಿಚ್ಚೋದಕ್ಕೆ ಮಾತ್ರ ಇಲ್ಲ. ಆದರೆ ಯಾವ ಟೇಲರ್ ಅಂಗಡಿಗಾದರೂ ಹೋಗಿ ನೋಡಿ, ಮಷಿನ್ ಪಕ್ಕದಲ್ಲಿ ಅರ್ಧಕ್ಕೆ ಮುರಿದ ಬ್ಲೇಡೊಂದು ಇದ್ದೇ ಇರುತ್ತದೆ.

ರವಿಕೆಯ ಹೊಲಿಗೆ ಬಿಚ್ಚೋದೇನೂ ದೊಡ್ಡ ವಿಷಯವಲ್ಲ. ಎರಡು ಬಟ್ಟೆಯನ್ನು ಆಚೆ ಈಚೆ ಎಳೆದು ಹಿಡಿದರೆ ನಡುವೆ ದಾರ ತಾನಾಗಿ ಕಾಣುತ್ತದೆ. ಹೊದೆಯುವ ಕೌದಿಯ ಕತೆ ಬೇರೆ. ಮೇಲೊಂದು ಬಟ್ಟೆ, ಕೆಳಗೊಂದು, ನಡುವೆ ಹಳೆ ಸೀರೆಯೋ ಧೋತರವೋ ಹತ್ತಿಯ ಹಾಸೋ. ಎಲ್ಲವನ್ನೂ ಸೇರಿಸಿ ಮೇಲಿಂದ ಹೊಲಿದಿರುತ್ತಾರೆ. ಎಳೆದು ಹಿಡಿಯಲು ಸಂದೇ ಇಲ್ಲ.

ಕೌದಿ ಮೊದಲಿನಿಂದಲೂ ಕೈಯಲ್ಲೇ ಹೊಲಿಯುವಂಥದ್ದು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಅನ್ನುವ ಕೌದಿಯನ್ನು ನೋಡಿದ್ದೀರಾ? ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ಒಳಗೆ ಬರುತ್ತಾರೆ. ಹೊಲಿಗೆ ಸಾಲು ಅಲ್ಲಲ್ಲಿ ಸೊಟ್ಟಗಿರುತ್ತದೆ. ಅದನ್ನು ಯಾರೂ ತಪ್ಪು ಅನ್ನುವುದಿಲ್ಲ, ಚೆಂದ ಅನ್ನುತ್ತಾರೆ. ಅದೇ ಸೊಟ್ಟ ಸಾಲು ಮಷಿನ್ನಿನಲ್ಲಿ ಬಂದರೆ ತಕ್ಷಣ ಕಣ್ಣು ಚುಚ್ಚುತ್ತದೆ. ನೇರಕ್ಕೆ ಹೋಗ್ತೀನಿ ಅಂತ ಮಾತು ಕೊಟ್ಟಿದ್ದು ಮಷಿನ್ನೇ ಅಲ್ವಾ? ಕೈ ಯಾವತ್ತೂ ಅಂಥ ಮಾತು ಕೊಟ್ಟಿಲ್ಲ.

ಧಾರವಾಡದಲ್ಲಿ ನಮ್ಮ ಅತ್ತಿಗೆ ಮಷಿನ್ನಿನ ಮೇಲೆ ಕೌದಿ ಹೊಲಿಯುತ್ತಾರೆ. ಅವರ ತಾಯಿ ಕೈಹೊಲಿಗೆಯ ಕಾಲದವರು. ಮಗಳು ಬ್ಲೇಡು ಹಿಡಿದಳೆಂದರೆ ಅವರಿಗೆ ಸಂಕಟ.

“ಸಾಕ್ ಬಿಡವಾ. ಹೊಚ್ಕೊಂಡ್ ಮಲಗಾಕ ಹೊಲಿಯಾಕತ್ತಿದಿ, ಗ್ವಾಡಿಗೆ ತೂಗಹಾಕಾಕಲ್ಲ.”

“ಕಣ್ಣಿಗಿ ಕಾಣತೈತಲ್ಲಬೇ.”

“ಕತ್ತಲದಾಗ ಏನ್ ಕಾಣತೈತಿ?”

ಈ ಪ್ರಶ್ನೆಗೆ ಅತ್ತಿಗೆಯ ಬಳಿ ಉತ್ತರವಿಲ್ಲ. ಆದರೂ ಬಿಚ್ಚುತ್ತಾರೆ.

ಲೆಕ್ಕ ಹಾಕಿದರೆ ಬೇಜಾರಾಗುತ್ತದೆ. ಒಂದು ಹೊಲಿಗೆ ಎರಡೂವರೆ ಮಿಲಿಮೀಟರ್ ಅಂದುಕೊಳ್ಳಿ. ಎರಡು ಮೀಟರ್ ಉದ್ದದ ಕೌದಿಯ ಒಂದೇ ಸಾಲಿನಲ್ಲಿ 800 ಹೊಲಿಗೆ. ಮೋಟರ್ ಹಾಕಿದ ಮಷಿನ್ನು ಜೋರಾಗಿ ಓಡಿಸಿದರೆ ಒಂದೆರಡು ನಿಮಿಷದ ಕೆಲಸ. ಬಿಚ್ಚೋಕೆ ಕೂತರೆ ಮಧ್ಯಾಹ್ನದ ನಿದ್ದೆ ಹೋಯಿತು ಅಂತಲೇ ಲೆಕ್ಕ.

ಅಕ್ಕಿ ಮೂಟೆಯ ಬಾಯಿ ಬಿಚ್ಚುವಾಗಿನ ಸುಖ ಇಲ್ಲಿಲ್ಲ. ಮೂಟೆಗೆ ಹಾಕುವುದು ಚೈನ್ ಹೊಲಿಗೆ. ಸರಿಯಾದ ತುದಿ ಸಿಕ್ಕಿ ಎಳೆದರೆ ಸರ್ ಅಂತ ಪೂರ್ತಿ ಬಂದುಬಿಡುತ್ತದೆ. (ತಪ್ಪು ತುದಿ ಎಳೆದವರು ಆಮೇಲೆ ಚಾಕು ಹುಡುಕುತ್ತಾರೆ.) ನಮ್ಮ ಮನೆ ಮಷಿನ್ನಿನದು ಎರಡು ದಾರದ ಹೊಲಿಗೆ. ರೀಲಿನ ದಾರ ಮೇಲಿಂದ, ಬಾಬಿನ್ ಅನ್ನುವ ಪುಟ್ಟ ಉರುಳೆಯ ದಾರ ಕೆಳಗಿಂದ. ಪ್ರತಿ ಹೊಲಿಗೆಯಲ್ಲೂ ಒಂದನ್ನೊಂದು ಸುತ್ತಿ ಬಟ್ಟೆಯ ನಡುವೆ ಬೀಗ ಹಾಕುತ್ತವೆ. ಅಮೆರಿಕದ ಇಲಾಯಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದದ್ದು ಇದೇ ಥರದ ಹೊಲಿಗೆಗೆ. ಒಂದು ಕಡೆ ದಾರ ಕಡಿದರೂ ಪೂರ್ತಿ ಬಿಚ್ಚಿಕೊಳ್ಳಬಾರದು ಅನ್ನುವುದೇ ಅದರ ಗುಣ. ಬಿಚ್ಚಬೇಕಾದವರಿಗೆ ಆ ಗುಣವೇ ಗ್ರಹಚಾರ.

ಅದಕ್ಕೂ ಉಪಾಯವಿದೆ. ಕೌದಿಯನ್ನು ಮಗುಚಿ ಹಾಕಿ ಹಿಂಬದಿಯಲ್ಲಿ ಮೂರು ನಾಲ್ಕು ಹೊಲಿಗೆಗೊಂದರಂತೆ ಕತ್ತರಿಸುತ್ತಾ ಹೋಗಬೇಕು. ಆಮೇಲೆ ಮತ್ತೆ ಮಗುಚಿ ಮೇಲಿನ ದಾರ ಎಳೆದರೆ ಅದು ಉದ್ದಕ್ಕೆ ಬರುತ್ತದೆ. ಹಿಂದುಗಡೆ ಚೂರು ಚೂರು ದಾರ ಉಳಿಯುತ್ತದೆ, ಉಜ್ಜಿ ತೆಗೆದರಾಯಿತು. ಕೈ ತಪ್ಪಿ ಬಟ್ಟೆಗೆ ಬ್ಲೇಡು ತಗುಲಿದರೂ ಹಿಂಬದಿಯಲ್ಲಿ ತೇಪೆ ಹಾಕಬಹುದು. ಸೂಜಿಯ ತೂತುಗಳು ಹತ್ತಿ ಬಟ್ಟೆಯಲ್ಲಾದರೆ ಉಗುರಿನಿಂದ ಉಜ್ಜಿ ಒಂದಿಷ್ಟು ನೀರು ಚಿಮುಕಿಸಿದಾಗ ಮುಚ್ಚಿಕೊಳ್ಳುತ್ತವೆ. ರೇಷ್ಮೆ ಮಾತ್ರ ಮರೆಯುವುದಿಲ್ಲ, ಗುರುತು ಇಟ್ಟುಕೊಳ್ಳುತ್ತದೆ.

ಬಿಚ್ಚುವ ಮೊದಲು ಯಾಕೆ ಕೆಟ್ಟಿತು ಅಂತ ನೋಡದಿದ್ದರೆ ಎರಡನೇ ಸಲವೂ ಹಾಗೇ ಬರುತ್ತದೆ. ಕೆಳಗಡೆ ದಾರ ಗಂಟು ಗಂಟಾಗಿ ಸಿಕ್ಕಾಯಿತು ಅನ್ನಿ. ಎಲ್ಲರೂ ಮೊದಲು ಬಾಬಿನ್ನಿಗೆ ಬೈಯುತ್ತಾರೆ. ಹೊರಗೆ ತೆಗೆದು, ಊದಿ, ಎಣ್ಣೆ ಬಿಟ್ಟು, ಅದರ ಡಬ್ಬಿಯ ಸ್ಕ್ರೂ ತಿರುಗಿಸಿ ಇನ್ನಷ್ಟು ಹಾಳು ಮಾಡುತ್ತಾರೆ. ಅದು ಪಾಪದ್ದು. ಹೆಚ್ಚಿನ ಸಲ ತಪ್ಪು ಮೇಲಿನ ದಾರದ್ದೇ ಆಗಿರುತ್ತದೆ. ದಾರವನ್ನು ಬಿಗಿ ಹಿಡಿಯುವ ಟೆನ್ಶನ್ ಬಿಲ್ಲೆಗಳ ನಡುವೆ ಅದು ಸರಿಯಾಗಿ ಕೂತಿರುವುದಿಲ್ಲ. ಮೇಲೆ ಬಿಗಿ ಇಲ್ಲದ್ದಕ್ಕೆ ಕೆಳಗೆ ರಾಶಿ ಬೀಳುತ್ತದೆ. ಸರ್ಕಾರಿ ಕಚೇರಿಯಲ್ಲೂ ಫೈಲು ಸಿಕ್ಕಾದಾಗ ಬೈಸಿಕೊಳ್ಳುವವನು ಕೆಳಗಿನ ಗುಮಾಸ್ತನೇ ತಾನೆ? ಬಟ್ಟೆ ಅದುಮುವ ಮಷಿನ್ನಿನ ಕಾಲನ್ನು ಮೇಲೆತ್ತಿ ದಾರ ಪೋಣಿಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಇನ್ನೊಂದು, ಬಾಬಿನ್ನಿನಲ್ಲಿ ದಾರ ಮುಗಿದದ್ದು ಗೊತ್ತಾಗದೆ ಮಾರುದ್ದ ಹೊಲಿದುಬಿಡುವುದು. ಮಷಿನ್ನಿನ ಸದ್ದು ಬದಲಾಗುವುದಿಲ್ಲ, ಸೂಜಿ ಕುಣಿಯುತ್ತಲೇ ಇರುತ್ತದೆ, ಹೊಲಿಗೆ ಮಾತ್ರ ಇಲ್ಲ. ಬಿಚ್ಚುವ ಕಷ್ಟವೇ ಇಲ್ಲದ ತಪ್ಪು ಇದೊಂದೇ.

ನಿಜವಾಗಿ ತಲೆ ತಿನ್ನುವುದು ನೆರಿಗೆ. ಮಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಮುಂದೆ ತಳ್ಳುತ್ತದೆ. ಮೇಲಿನ ಕಾಲು ಬಟ್ಟೆಯನ್ನು ಅದುಮಿ ಹಿಡಿದಿರುತ್ತದೆ. ತೆಳು ಬಟ್ಟೆಗೆ ಇದರಿಂದ ಏನೂ ಆಗದು. ಕೌದಿಯಂಥ ದಪ್ಪದ್ದಕ್ಕೆ ಮೇಲಿನ ಪದರ ಕೂದಲೆಳೆಯಷ್ಟು ಹಿಂದೆ ಬೀಳುತ್ತಾ ಬರುತ್ತದೆ. ಅಡ್ಡ ಸಾಲು ಎದುರಾದಲ್ಲಿ ಹೆಚ್ಚಾದ ಬಟ್ಟೆಗೆ ಹೋಗಲು ಜಾಗವಿಲ್ಲ, ಮಡಚಿ ಮಲಗುತ್ತದೆ. ಅಷ್ಟು ಜಾಗ ಮಾತ್ರ ಬಿಚ್ಚಿ ಹೊಲಿದರೆ ನೆರಿಗೆ ಬೆರಳಗಲ ಆಚೆಗೆ ಹೋಗಿ ಕೂರುತ್ತದೆ. ಒಂದು ಗೇಣು ಹಿಂದಿನಿಂದಲೇ ಬಿಚ್ಚಬೇಕು. ಹೆಚ್ಚಾದ ಬಟ್ಟೆಯನ್ನು ಅಂಗೈಯಿಂದ ಸವರಿ ಹಂಚಬೇಕು, ಕಚ್ಚಾ ಹೊಲಿಗೆ ಹಾಕಬೇಕು, ಆಮೇಲೆ ನಿಧಾನಕ್ಕೆ ಹೊಲಿಯಬೇಕು. ಮೇಲಿನ ಬಟ್ಟೆಯನ್ನೂ ಜೊತೆಗೆ ಎಳೆದುಕೊಂಡು ಹೋಗುವ ವಾಕಿಂಗ್ ಫೂಟ್ ಅಂತ ಒಂದು ಕಾಲು ಸಿಗುತ್ತದೆ. ಕೌದಿ ಹೊಲಿಯುವವರಿಗೆ ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ.

ಕೊನೆಗೆ ಉಳಿದ ದಾರದ ತುದಿಗಳನ್ನು ಕತ್ತರಿಸಬಾರದು. ಗಂಟು ಹಾಕಿ, ಸೂಜಿಗೆ ಪೋಣಿಸಿ, ಪದರಗಳ ನಡುವೆ ನುಗ್ಗಿಸಿ ಎಳೆದರೆ ಗಂಟು ಟಪ್ ಅಂತ ಒಳಗೆ ಹೋಗುತ್ತದೆ.

ಸಣ್ಣಪುಟ್ಟ ಸೊಟ್ಟಕ್ಕೆ ನನ್ನ ಓಟು ಅತ್ತಿಗೆಯ ತಾಯಿಗೇ. ಉತ್ತರ ಕರ್ನಾಟಕದಲ್ಲಿ ಮಹಾನವಮಿಗೆ ಮುಂಚೆ ಮನೆಯ ಕೌದಿಗಳನ್ನೆಲ್ಲ ಹಳ್ಳಕ್ಕೋ ಕಾಲುವೆಗೋ ಒಯ್ದು ತೊಳೆಯುತ್ತಾರೆ. ಹೊಸ ಹತ್ತಿ ಬಟ್ಟೆಯದಾದರೆ ಮೊದಲ ತೊಳೆತಕ್ಕೇ ಸ್ವಲ್ಪ ಕುಗ್ಗಿ ಮೈತುಂಬ ಸುಕ್ಕಾಗುತ್ತದೆ, ಸೊಟ್ಟ ಸಾಲು ಅದರಲ್ಲಿ ಮರೆಯಾಗುತ್ತದೆ. ಹಳೆ ಸೀರೆಯದಾದರೆ ಈ ಆಸೆ ಬೇಡ. ಅದು ಕುಗ್ಗುವಷ್ಟು ಕುಗ್ಗಿ ಮುಗಿಸಿರುತ್ತದೆ. ನೆರಿಗೆಯಂತೂ ಯಾವ ಬಟ್ಟೆಯದಾದರೂ ತೊಳೆದರೆ ಹೋಗುವುದಿಲ್ಲ. ಅದಕ್ಕೆ ಬ್ಲೇಡೇ ಬೇಕು.