ಬ್ರಿಟಿಷರು ಕೊಟ್ಟಿದ್ದು ಅನ್ನೋರಿಗೆ
ಬ್ರಿಟಿಷರು ಬರ್ದೇ ಇದ್ದಿದ್ರೆ ನಮ್ಗೆ ಕಾಲೇಜೇ ಇರ್ತಿರ್ಲಿಲ್ಲ ಅಂತ ಬರ್ದಿದೀರಲ್ಲ ಸಾರ್, ಅದು ಅರ್ಧ ಸತ್ಯ. 1857ರಲ್ಲಿ ಮದ್ರಾಸ್, ಬಾಂಬೆ, ಕಲ್ಕತ್ತಾದಲ್ಲಿ ಶುರು ಮಾಡಿದ್ದು ಪಾಠ ಹೇಳೋ ವಿವಿ ಅಲ್ಲ, ಪರೀಕ್ಷೆ ನಡ್ಸಿ ಡಿಗ್ರಿ ಕೊಡೋ ಆಫೀಸು ಅಷ್ಟೇ. ನಮ್ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದ್ರಾಸ್ ವಿವಿ ಕೈಕೆಳಗೇ ಇತ್ತು, 1916ರಲ್ಲಿ ನಾಲ್ವಡಿಯವ್ರು, ನಮ್ ಕಡೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವ್ರು ದಿವಾನರಾಗಿದ್ದಾಗ, ಮೈಸೂರು ವಿವಿ ಮಾಡಿದ್ಮೇಲೆ ಆ ಹಂಗು ತಪ್ತು. ನಮ್ ತಾತ ಕೋಲಾರದಿಂದ ಬೆಂಗಳೂರಿಗೆ ಹೋಗಿ ವಾರಾನ್ನ ತಿಂದು ಓದಿದೋರು. ಸ್ವಾತಂತ್ರ್ಯ ಬಂದ್ಮೇಲಾದ್ರೂ ನಮ್ ಕೋಲಾರಕ್ಕೆ ಒಂದು ವಿವಿ ಬೇಗ ಬಂತಾ? 2017ರವರ್ಗೂ ಕಾಯ್ಬೇಕಾಯ್ತು, ಅದೂ ಇರೋದು ಕೋಲಾರದ ಟಮಕದಲ್ಲಿ, ಹೆಸ್ರು ಮಾತ್ರ ಬೆಂಗಳೂರು ಉತ್ತರ ವಿವಿ! ಪಕ್ಕದ್ಮನೆ ಹುಡ್ಗಿ ದಿನಾ ಮುಳಬಾಗಿಲು ಬಸ್ಸಲ್ಲಿ ನಿಂತ್ಕೊಂಡೇ ಕಾಲೇಜಿಗೆ ಹೋಗ್ತಾಳೆ, ಒಂದ್ಕೈಲಿ ಕಂಬಿ ಇನ್ನೊಂದ್ಕೈಲಿ ಜೆರಾಕ್ಸ್ ನೋಟ್ಸು, ಗೆಸ್ಟ್ ಲೆಕ್ಚರರ್ ಬಂದ್ರೆ ಕ್ಲಾಸು ಇಲ್ದಿದ್ರೆ ವಾಪಸ್ಸು.